ಪಕ್ಕದ ಸೀಟಿನವಳು

ಆವತ್ತು ಮುಳಬಾಗಿಲಿನಲ್ಲಿ ನನ್ನ ಪಕ್ಕ ಬಂದು ಕುಳಿತ ಹೆಂಗಸು ತಪ್ಪು ಬಸ್ಸು ಹತ್ತಿದ್ದಳು. ಅವಳು ಹೋಗಬೇಕಾಗಿದ್ದದ್ದು ಶ್ರೀನಿವಾಸಪುರಕ್ಕೆ, ಬಸ್ಸು ಹೊರಟಿದ್ದು ಕೋಲಾರಕ್ಕೆ. ಓದು ಬಾರದ ಅವಳು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಒಬ್ಬನನ್ನು ಕೇಳಿದ್ದಳಂತೆ. ಅವನು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತ “ಹೂಂ, ಹೂಂ” ಎಂದು ತಲೆಯಾಡಿಸಿದ್ದನ್ನು ತನಗೇ ಹೇಳಿದ್ದೆಂದುಕೊಂಡು ಹತ್ತಿಬಿಟ್ಟಿದ್ದಳು. ಬಸ್ಸು ಹೆದ್ದಾರಿಗೆ ಬಂದು ಕಂಡಕ್ಟರು ಟಿಕೆಟ್ ಕೇಳಿದಾಗಲೇ ಅವಳಿಗೆ ಗೊತ್ತಾದದ್ದು.

“ನೋಡಕ್ಕಾ, ಅವನು ತಲೆ ಆಡಿಸ್ದ, ನಾನು ಹತ್ತಿದೆ. ಈಗ ಬೈಗುಳ ನನಗೆ,” ಎಂದು ನನ್ನ ಕಡೆ ತಿರುಗಿದಳು. ಕೋಲಾರಕ್ಕೇ ಹೋಗಿ ಅಲ್ಲಿಂದ ಶ್ರೀನಿವಾಸಪುರದ ಬಸ್ಸು ಹಿಡಿಯುವುದೆಂದು ಅವಳೇ ತೀರ್ಮಾನಿಸಿ, ಅಕ್ಕನ ಮನೆಗೆ ಬಂದದ್ದು, ಅಕ್ಕನ ಸೊಸೆ ಸರಿಯಾಗಿ ಮಾತಾಡಿಸದಿದ್ದದ್ದು, ಮನೆಯಲ್ಲಿ ರೇಷ್ಮೆಹುಳು ಪೊರೆ ಕಳಚುವ ಜ್ವರಕ್ಕೆ ಕೂತಿರುವಾಗ ತಾನು ಹೊರಡಲೇಬಾರದಿತ್ತೆಂಬುದು, ಎಲ್ಲವನ್ನೂ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಶುರು ಮಾಡಿದಳು. ನಾನು ಒಂದು ಸಲ ತಲೆಯಾಡಿಸಿ ಕಿಟಕಿಯ ಕಡೆ ಮುಖ ಮಾಡಿದೆ. ಬಸ್ಸಿನಲ್ಲಿ ಮಾತಾಡುವ ಅಭ್ಯಾಸ ನನಗಿರಲಿಲ್ಲ.

ಮುಳಬಾಗಿಲಿನ ಪಿಯು ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರ ಕಲಿಸುತ್ತೇನೆ. ಮನೆ ಕೋಲಾರದಲ್ಲಿ. ಮದುವೆಯಾಗಲಿಲ್ಲ, ಆಗಬೇಕೆಂದೂ ಅನ್ನಿಸಲಿಲ್ಲ. ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದು, ಒಬ್ಬಳೇ ಅಡುಗೆ ಮಾಡಿಕೊಂಡು, ದಿನಾ ಅದೇ ದಾರಿಯಲ್ಲಿ ಓಡಾಡಿಕೊಂಡು, ಯಾರ ಹಂಗಿಗೂ ಬೀಳದೆ ಬದುಕಿದ್ದೇನೆಂಬುದು ನನ್ನ ಹೆಮ್ಮೆಯಾಗಿತ್ತು. ಆ ಹೆಮ್ಮೆಗೆ ತಕ್ಕ ಒಂದು ಸಿದ್ಧಾಂತವೂ ನನ್ನ ಹತ್ತಿರ ಇತ್ತು. ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ಪಾಠ ಶುರು ಮಾಡುವ ಮೊದಲು ಒಂದು ದಿನ ‘ಮನುಷ್ಯ ಅಂದರೆ ಏನು’ ಎಂಬ ವಿಷಯ ಮಾತಾಡುತ್ತಿದ್ದೆ. ಪಠ್ಯದಲ್ಲಿ ಅದಿಲ್ಲ, ನನಗೆ ಬೇಕಾಗಿತ್ತು. ಮನುಷ್ಯನ ಸ್ವಭಾವ ಹುಟ್ಟುವಾಗಲೇ ಅವನೊಳಗೆ ಇರುತ್ತದೆ ಎನ್ನುವವರಿದ್ದಾರೆ, ಹಾಗೇನೂ ಇಲ್ಲ, ಅವನು ತನ್ನ ಆಯ್ಕೆಗಳಿಂದ ತನ್ನನ್ನು ತಾನೇ ರೂಪಿಸಿಕೊಳ್ಳುತ್ತಾನೆ ಎನ್ನುವವರಿದ್ದಾರೆ, ನಾನು ಎರಡನೆಯವರ ಕಡೆ, ಎಂದು ಹೇಳುತ್ತಿದ್ದೆ. ಆಕಸ್ಮಿಕಗಳು ಮನುಷ್ಯನ ಹೊರಗೆ ನಡೆಯುತ್ತವೆ, ಮಳೆ ಗೋಡೆಗೆ ಬಿದ್ದ ಹಾಗೆ, ಒಳಗಿನವನು ನೆನೆಯಬೇಕಾಗಿಲ್ಲ, ಎನ್ನುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು.

ಕೋಲಾರ ಇನ್ನೂ ಸ್ವಲ್ಪ ದೂರ ಇರುವಾಗ ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಾಗಿದರೆ ಬಲಗೈ ಬರಲಿಲ್ಲ. ಕೈ ಅಲ್ಲೇ ಇತ್ತು, ಆದರೆ ಬೇರೆ ಯಾರೋ ನನ್ನ ತೊಡೆಯ ಮೇಲೆ ಮರೆತು ಬಿಟ್ಟುಹೋದ ವಸ್ತುವಿನ ಹಾಗೆ ಬಿದ್ದಿತ್ತು. ಪಕ್ಕದವಳೇ ಬಾಟಲಿ ಎತ್ತಿ ಕೊಡಲು ಬಂದವಳು ನನ್ನ ಮುಖ ನೋಡಿದಳು.

“ಏಮೈಂದಕ್ಕಾ? ಏನಾಯ್ತು?”

ಏನೂ ಇಲ್ಲ ಎನ್ನಲು ಹೋದೆ. ಬಾಯಿಂದ ಏನೋ ಬಂತು, ಅದು ಮಾತಾಗಿರಲಿಲ್ಲ.

ಅವಳು ಎದ್ದು ನಿಂತು ಅರಚಿದ್ದು ನನಗೆ ಈಗಲೂ ನೆನಪಿದೆ. “ಡ್ರೈವರಣ್ಣಾ, ಎಲ್ಲೂ ನಿಲ್ಲಿಸ್ಬೇಡ! ಸೀದಾ ಆಸ್ಪತ್ರೆ ತಾವ ಹೊಡಿ!”

ಯಾರೋ ತಲೆಸುತ್ತಿರಬೇಕು ಎಂದರು. ಯಾರೋ ಕಿಟಕಿ ತೆಗೆಯಿರಿ ಎಂದರು. ಕಂಡಕ್ಟರು, “ಸ್ಟ್ಯಾಂಡ್‌ನಲ್ಲಿ ಇಳಿಸಿ ಆಟೋ ಮಾಡ್ಕೊಡೋಣಮ್ಮ,” ಎಂದ.

“ನಮ್ಮ ಮಾವನಿಗೂ ಹಿಂಗೇ ಮೂತಿ ಸೊಟ್ಟಗಾಯ್ತು. ಬೆಳಗ್ಗೆ ನೋಡಾಣ ಅಂದ್ವಿ. ಬೆಳಗ್ಗೆ ನೋಡಕ್ಕೆ ಏನೂ ಉಳೀಲಿಲ್ಲ,” ಎಂದಳು ಅವಳು. ಆಮೇಲೆ ಡ್ರೈವರಿನ ಕಡೆ ತಿರುಗಿದಳು. “ನೀನು ಹೊಡೀತೀಯೋ, ನಾನೇ ಬಂದು ಕುಂತ್ಕೊಳ್ಳೋ?”

ಬಸ್ಸು ನಿಲ್ದಾಣಕ್ಕೆ ಹೋಗದೆ ಆಸ್ಪತ್ರೆಯ ಗೇಟಿಗೆ ಹೋಯಿತು. ಯಾರು ಹಿಡಿದು ಇಳಿಸಿದರೋ ತಿಳಿಯದು. ಅವಳ ಬಳೆಗಳು ನನ್ನ ಕತ್ತಿಗೆ ಒತ್ತುತ್ತಿದ್ದವು, ಅದಷ್ಟೇ ಗೊತ್ತು. ಕಾಲೇಜಿನ ಗುರುತಿನ ಚೀಟಿ ನೋಡಿ ಆಸ್ಪತ್ರೆಯವರು ಕಾಲೇಜಿಗೆ, ಕಾಲೇಜಿನವರು ಮಾಲೂರಿನಲ್ಲಿರುವ ನನ್ನ ತಮ್ಮನಿಗೆ ಫೋನು ಮಾಡಿದರು. ಅವನು ಬರುವವರೆಗೂ ನನ್ನ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಅವಳು ಕಾದಳಂತೆ. ಬ್ಯಾಗು ಒಪ್ಪಿಸಿ, ಅವನ ಫೋನ್ ನಂಬರನ್ನು ತನ್ನ ಫೋನಿಗೆ ಅವನಿಂದಲೇ ಹಾಕಿಸಿಕೊಂಡು ಹೊರಟುಹೋದಳಂತೆ.

ಮೆದುಳಿನ ಎಡಭಾಗದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ತಡಮಾಡದೆ ಬಂದಿದ್ದರಿಂದ ಔಷಧ ಕೊಡಲು ಸಾಧ್ಯವಾಯಿತು ಎಂದು ವೈದ್ಯರು ತಮ್ಮನಿಗೆ ಹೇಳಿದರು. ಕಾಲು ಬೇಗ ಸುಧಾರಿಸಿತು. ಕೈ ನಿಧಾನಿಸಿತು. ಮಾತು ಬರಲಿಲ್ಲ.

ಮಾತು ಬರಲಿಲ್ಲ ಎಂದರೆ ಹೇಗೆ ಎಂಬುದನ್ನು ಹೇಳಬೇಕು. ಬೇರೆಯವರ ಮಾತು ಅರ್ಥವಾಗುತ್ತಿತ್ತು. ವೇಗವಾಗಿ ಮಾತಾಡಿದರೆ ಮಾತ್ರ ಕೈಜಾರುತ್ತಿತ್ತು. ಕೋಲಾರದಲ್ಲಿ ಮಾತಿನ ತರಬೇತಿ ಕೊಡುವ ಹುಡುಗಿಯೊಬ್ಬಳು ಚಿತ್ರಗಳ ಕಾರ್ಡು ಹಿಡಿದು ಒಂದೊಂದಾಗಿ ಕೇಳುತ್ತಿದ್ದಳು. ಕೊಡೆಯ ಚಿತ್ರ. ಅದು ಏನೆಂದು ನನಗೆ ಗೊತ್ತು. ಮಳೆಗೆ ಹಿಡಿಯುವುದು, ಬಟ್ಟೆ, ಕಡ್ಡಿ, ಹಿಡಿ. ಹೆಸರು ಮಾತ್ರ ಇಲ್ಲ. ಹುಡುಕಿ ಹುಡುಕಿ “ಕೋಳಿ” ಎಂದೆ. ಅದು ತಪ್ಪೆಂದು ನನ್ನ ಕಿವಿಗೇ ಗೊತ್ತಾಗುತ್ತಿತ್ತು. ಹುಡುಗಿ ಒಳ್ಳೆಯವಳು, “ಪರವಾಗಿಲ್ಲ ಮೇಡಂ, ಹತ್ರ ಬಂದ್ರಿ,” ಎಂದಳು. ನಾನು ಕಾರ್ಡನ್ನು ಎಡಗೈಯಿಂದ ಕಿತ್ತುಕೊಂಡು ನೆಲಕ್ಕೆ ಎಸೆದೆ. ಮತ್ತೆ ನಾನೇ ಬಾಗಿ ಎತ್ತಿಕೊಂಡು ಅವಳ ಕೈಗೆ ಕೊಟ್ಟು, ಇನ್ನೊಂದು ಸಲ ತೋರಿಸು ಎಂದು ಸನ್ನೆ ಮಾಡಿದೆ. ಆ ದಿನ ಕೊಡೆ ಬರಲಿಲ್ಲ. ಆದರೆ ಬಿಡುವುದಿಲ್ಲ ಎಂಬ ಹಟ ಅಲ್ಲೇ ಹುಟ್ಟಿತು. ಮತ್ತೆ ಕ್ಲಾಸಿಗೆ ಹೋಗಿ ನಿಲ್ಲುತ್ತೇನೆ ಎಂದು ನನಗೆ ನಾನೇ, ಮಾತಿಲ್ಲದೆಯೇ, ಹೇಳಿಕೊಂಡೆ.

ತಮ್ಮ ನನ್ನನ್ನು ಮಾಲೂರಿಗೆ ಕರೆದುಕೊಂಡು ಹೋಗಿದ್ದ. ಅವನು ಅಲ್ಲಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರು. ಅವನ ಹೆಂಡತಿ ತುಮಕೂರಿನ ಕಡೆಯವಳು, ಚೊಕ್ಕ ಕೆಲಸದವಳು. ನನಗೆ ತಲೆ ಬಾಚುವುದರಿಂದ ಹಿಡಿದು ಊಟ ಮಾಡಿಸುವವರೆಗೆ ಒಂದು ಮಾತಿಲ್ಲದೆ ಮಾಡಿದಳು. ಆದರೆ ನನ್ನ ಮುಂದೆ ಅವಳೂ ಮಾತು ಕಡಿಮೆ ಮಾಡಿಬಿಟ್ಟಿದ್ದಳು. ಉತ್ತರ ಕೊಡಲಾರದವಳ ಜೊತೆ ಮಾತಾಡಿದರೆ ನೋವಾದೀತೆಂದು ಅವಳ ಎಣಿಕೆ. ಮನೆ ಸದ್ದಿಲ್ಲದೆ ಇರುತ್ತಿತ್ತು.

ಒಂದು ಮಧ್ಯಾಹ್ನ ಅವಳು ನನಗೆ ರಾಗಿ ಗಂಜಿ ಬಡಿಸುತ್ತಿದ್ದಾಗ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಡುವ ಸದ್ದಾಯಿತು. ಬಸ್ಸಿನ ಹೆಂಗಸು. ಒಂದು ಚೀಲ ತೊಂಡೆಕಾಯಿ ಹಿಡಿದು, ಕೋಲಾರದಲ್ಲಿ ಬಸ್ಸು ಬದಲಾಯಿಸಿ, ಫೋನಿನಲ್ಲಿ ತಮ್ಮನನ್ನು ಕೇಳುತ್ತ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತ ಬಂದಿದ್ದಳು. “ಈ ಸಲ ಮೂರು ಜನರನ್ನ ಕೇಳಿ ಹತ್ತಿದೆ,” ಎನ್ನುತ್ತಲೇ ಒಳಗೆ ಬಂದು ನನ್ನ ಎದುರು ನೆಲಕ್ಕೆ ಕುಳಿತಳು. “ಹೆಂಗಿದೀಯಕ್ಕಾ? ಗುರ್ತು ಸಿಕ್ತಾ?”

ಗುರುತು ಸಿಕ್ಕಿತ್ತು. ಕಣ್ಣಲ್ಲಿ ನೀರು ಬಂತು. ತಮ್ಮನ ಹೆಂಡತಿ ಗಾಬರಿಯಾಗಿ ತಟ್ಟೆಗೆ ಇನ್ನಷ್ಟು ಗಂಜಿ ಹಾಕಿದಳು. ಆಗ ನನ್ನ ಬಾಯಿಂದ ಒಂದು ಪದ ಸ್ಪಷ್ಟವಾಗಿ ಬಂತು.

“ಚಾಲು.”

ಆಸ್ಪತ್ರೆಯಿಂದ ಬಂದ ಮೇಲೆ ನಾನು ಆಡಿದ ಮೊದಲ ನೆಟ್ಟಗಿನ ಮಾತು ಅದು. ತಮ್ಮನ ಹೆಂಡತಿ ಸಂಭ್ರಮದಿಂದ ಎದ್ದು ಓಡಿಹೋಗಿ ಫ್ಯಾನಿನ ಗುಂಡಿ ಒತ್ತಿದಳು. ಫ್ಯಾನು ಗಿರ್ರೆಂದು ತಿರುಗಿತು. ನಾನು ತಲೆ ಅಲ್ಲಾಡಿಸಿ ಮತ್ತೆ “ಚಾಲು, ಚಾಲು” ಎಂದೆ. ಅವಳು ಇನ್ನೂ ಜೋರಾಗಿ ತಿರುಗಿಸಿದಳು.

ಬಸ್ಸಿನ ಹೆಂಗಸು ಬಿದ್ದು ಬಿದ್ದು ನಕ್ಕಳು. “ಫ್ಯಾನಲ್ಲಮ್ಮಾ! ಸಾಕು ಅಂತವ್ರೆ. ತೆಲುಗಲ್ಲಿ ಚಾಲು ಅಂದ್ರೆ ಸಾಕು. ಗಂಜಿ ಸಾಕಂತೆ!” ಆಮೇಲೆ ನನ್ನ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ, “ಓಹೋ, ನಮ್ಮೋಳೇನಾ ನೀನು?” ಎಂದಳು.

ನಾನು ಅವರವಳು ಹೌದೋ ಅಲ್ಲವೋ ನನಗೇ ಗೊತ್ತಿರಲಿಲ್ಲ. ನಾನು ಹುಟ್ಟಿದ್ದು ನಂಗಲಿಯ ಹತ್ತಿರದ ಹಳ್ಳಿಯಲ್ಲಿ, ಅಜ್ಜಿಯ ಮನೆಯಲ್ಲಿ. ಆ ಮನೆಯಲ್ಲಿ ಹಸುವಿಗೂ ತೆಲುಗಿನಲ್ಲೇ ಬೈಯುತ್ತಿದ್ದರು. ಅಪ್ಪ ಕನ್ನಡ ಮೇಷ್ಟ್ರು. ನನ್ನನ್ನು ಶಾಲೆಗೆ ಹಾಕುವ ಹೊತ್ತಿಗೆ ಕೋಲಾರಕ್ಕೆ ಮನೆ ಮಾಡಿ, “ಸ್ಕೂಲಲ್ಲೂ ಕನ್ನಡ, ಮನೇಲೂ ಕನ್ನಡ,” ಎಂದು ಕಟ್ಟುನಿಟ್ಟು ಮಾಡಿದರು. ತಮ್ಮ ಹುಟ್ಟಿದ್ದು ಆಮೇಲೆ. ಅಜ್ಜಿ ನಮ್ಮ ಜೊತೆ ಬರಲಿಲ್ಲ. ಅಪ್ಪ ಮಾಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ, ಅವರಿಂದ ಸಿಕ್ಕ ಕನ್ನಡವೇ ನನಗೆ ಅನ್ನ ಕೊಟ್ಟಿದೆ. ಆದರೆ ಬಸ್ಸಿನಲ್ಲಿ, ಅಂಗಡಿಯಲ್ಲಿ ಯಾರಾದರೂ ತೆಲುಗಿನಲ್ಲಿ ಕೇಳಿದರೆ ನಾನು ಕನ್ನಡದಲ್ಲೇ ಉತ್ತರ ಕೊಡುತ್ತಿದ್ದೆ. ಆ ಭಾಷೆ ನನ್ನೊಳಗೆ ಇನ್ನೂ ಇದೆಯೆಂಬುದೇ ಮರೆತಿತ್ತು.

ಆ ಮಧ್ಯಾಹ್ನ ಅವಳು ಗೋಡೆಗೆ ಒರಗಿ ಕುಳಿತು ಪೂರ್ತಿ ತೆಲುಗಿನಲ್ಲೇ ಮಾತಾಡಿದಳು. ನಾನು ಒಂದೊಂದೇ ಪದ ಜೋಡಿಸಿದೆ. ನೀರಿಗೆ ‘ನೀಳ್ಳು’ ಬಂತು. ಅವಳು ಹೊರಡುವಾಗ ಮಳೆಯ ಮೋಡ ನೋಡಿ ‘ಗೊಡುಗು’ ಎಂದೆ. ಅದೇ ಆ ಹಾಳು ಕೊಡೆ, ತೆಲುಗಿನ ಬಾಗಿಲಿನಿಂದ ಹೊರಗೆ ಬಂದಿತ್ತು.

ತರಬೇತಿಯ ಹುಡುಗಿಗೆ ತಮ್ಮ ಇದನ್ನು ಹೇಳಿದಾಗ, ಎರಡು ಭಾಷೆ ಇರುವ ಕೆಲವರಿಗೆ ಹೀಗೆ ಒಂದು ಮೊದಲು ಬರುವುದುಂಟು, ಯಾರಿಗೆ ಯಾಕೆ ಯಾವುದು ಎಂದು ಹೇಳುವುದು ಕಷ್ಟ, ಎಂದಳು. “ಬಂದಿದ್ದನ್ನ ಬಿಡಬೇಡಿ ಮೇಡಂ. ಅದನ್ನ ಹಿಡ್ಕೊಂಡೇ ಕನ್ನಡಕ್ಕೆ ಬರೋಣ.” ನಾನು ಹಾಗೇ ಮಾಡಿದೆ. ಬೆಳಿಗ್ಗೆ ಎದ್ದರೆ ಮೊದಲು ತೆಲುಗು ಪದ, ಅದರ ಹಿಂದೆಯೇ ಕನ್ನಡ ಪದ. ಬಾಯಿ ನೋಯುವವರೆಗೆ ಹೇಳುತ್ತಿದ್ದೆ.

ತಮ್ಮ ಒಂದು ಸಂಜೆ ಕೆಲಸ ಮುಗಿಸಿ ಬಂದು ನನ್ನ ಪಕ್ಕ ಕುಳಿತ. “ಅಕ್ಕ, ಇನ್ನು ಸಾಕು ಕಣೇ. ಸ್ವಯಂ ನಿವೃತ್ತಿಗೆ ಬರೆದುಕೊಟ್ಟುಬಿಡೋಣ. ಇಲ್ಲೇ ಇರು. ನಿನಗೇನು ಕಮ್ಮಿ?” ಎಂದ. ಪ್ರೀತಿಯಿಂದಲೇ ಹೇಳಿದ.

“ಒದ್ದು,” ಎಂದೆ.

ಅವನಿಗೆ ಅಷ್ಟು ತೆಲುಗು ಗೊತ್ತಿತ್ತು. ಬೇಡ ಎಂದರ್ಥ. ಆದರೆ ಆಗ ಅವನಿಗೆ ಕನ್ನಡದ ಒದೆಯೇ ಬಿದ್ದಂತಾಗಿರಬೇಕು, ಎದ್ದು ಹೋದ.

ಆ ಹೆಂಗಸು ಮತ್ತೆ ಮತ್ತೆ ಬಂದಳು. ಹುಳು ಗೂಡು ಕಟ್ಟಿ, ಗೂಡು ಮಾರಿ, ಮುಂದಿನ ಬೆಳೆ ಶುರುವಾಗುವ ನಡುವಿನ ಬಿಡುವಿನಲ್ಲಿ ಬರುತ್ತಿದ್ದಳು. ಬಂದವಳು ಕುಳಿತರೆ ಸಂಜೆಯ ಬಸ್ಸಿನವರೆಗೆ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ನೀನು ಯಾಕೆ ಇಷ್ಟು ದೂರ ಬರುತ್ತೀಯ ಎಂದು ನಾನು ತಡವರಿಸಿ ಕೇಳಿದಾಗ ಅವಳು ಸ್ವಲ್ಪವೂ ಮುಚ್ಚುಮರೆ ಮಾಡಲಿಲ್ಲ.

“ನಮ್ಮನೇಲಿ ನನ್ನ ಮಾತು ಯಾರೂ ಕೇಳಲ್ಲಕ್ಕಾ. ಯಜಮಾನ್ರು ಬಾಯಿ ತೆಗೆದ್ರೆ ತೋಟಕ್ಕೆ ಹೋಗ್ತಾರೆ. ಸೊಸೆ ಕಿವಿಗೆ ಫೋನ್ ಹಾಕ್ಕೋತಾಳೆ. ನೀನಾದ್ರೆ ಎದ್ದು ಹೋಗಾಕೆ ಆಗಲ್ವಲ್ಲ!”

ನನ್ನ ಕಾಯಿಲೆಯಿಂದ ಅವಳಿಗೆ ಮಾತು ಕೇಳುವವಳೊಬ್ಬಳು ಸಿಕ್ಕಿದ್ದಳು. ನನಗೆ ಮೊದಲು ಚುರುಕ್ಕೆಂದಿತು, ಆಮೇಲೆ ನಗು ಬಂತು. ಅವಳು ಉಪಕಾರ ಮಾಡಲು ಬರುತ್ತಿರಲಿಲ್ಲ. ಅದು ತಿಳಿದ ಮೇಲೆ ನನಗೆ ಅವಳೆದುರು ತಡವರಿಸುವುದಕ್ಕೆ ನಾಚಿಕೆಯೇ ಆಗಲಿಲ್ಲ.

ಬೇಜಾರಾದದ್ದು ಬೇರೆಯವರಿಗೆ. ಒಂದು ದಿನ ಅವಳು ಹೋದ ಮೇಲೆ ತಮ್ಮನ ಹೆಂಡತಿ ಪಾತ್ರೆಗಳನ್ನು ಸದ್ದು ಮಾಡುತ್ತ ಜೋಡಿಸಿಟ್ಟಳು. “ಅತ್ತಿಗೆ, ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ನಾನು ದಿನಾ ನಿಮ್ಮ ಮುಂದೆ ಇರ್ತೀನಿ. ನನ್ನ ಹತ್ರ ನಿಮಗೆ ಒಂದು ಪದ ಬರಲ್ಲ. ಬಸ್ಸಲ್ಲಿ ಸಿಕ್ಕಿದೋರ ಹತ್ರ ಇಷ್ಟು ಮಾತು.”

ಹೇಳಬೇಕಾದದ್ದು ನನ್ನ ತಲೆಯಲ್ಲಿ ಪೂರ್ತಿ ಇತ್ತು. ನೀನು ನನ್ನ ಮುಂದೆ ಮಾತಾಡುವುದನ್ನು ನಿಲ್ಲಿಸಿದ್ದೀಯ, ಮಾತಾಡು, ನನಗೆ ಬೇಕಾದದ್ದು ಅದೇ, ಎಂದು. ಬಾಯಿಗೆ ಬಂದದ್ದು ಒಂದೇ ಪದ. ಅವಳ ಕೈ ಹಿಡಿದು “ಚೆಪ್ಪು” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಹುಡುಕಿದೆ. ಹಣೆಯಲ್ಲಿ ಬೆವರು ಬಂತು. ಕೊನೆಗೆ “ಹೇಳು” ಎಂದೆ. ಕನ್ನಡದಲ್ಲಿ.

ಅವಳು ಅಲ್ಲೇ ಕುಳಿತು ಹೇಳಿದಳು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನು ಕಂಡರೆ ಎಷ್ಟು ಹೆದರಿಕೆಯಾಗುತ್ತಿತ್ತು ಎಂಬುದರಿಂದ ಶುರು ಮಾಡಿದಳು. ನಾನು ಅವಳ ಮನೆಗೆ ಎಷ್ಟೋ ವರ್ಷ ಹಬ್ಬಕ್ಕೆ ಬಂದು, ಊಟ ಮಾಡಿ, ಹೊತ್ತಿಗೆ ಸರಿಯಾಗಿ ಹೊರಟು ಹೋಗಿದ್ದೆ. ಅವಳು ಹೇಗೆ ಮಾತಾಡುತ್ತಾಳೆಂದು ಕೇಳಿದ್ದು ಆವತ್ತೇ ಮೊದಲು. ಮರುದಿನದಿಂದ ಅಡುಗೆಮನೆಯಲ್ಲಿ ನಮ್ಮಿಬ್ಬರ ಶಾಲೆ. ಅವಳು ಸೌಟು ಎತ್ತಿ ಹಿಡಿದರೆ ನಾನು ತೆಲುಗಿನಲ್ಲಿ ‘ಗರಿಟೆ’, ಅವಳು ಕನ್ನಡದಲ್ಲಿ ‘ಸೌಟು’, ಆಮೇಲೆ ಇಬ್ಬರೂ ಅದಲುಬದಲು.

ಬೇಸಿಗೆಯ ಹೊತ್ತಿಗೆ ನನಗೆ ಸಣ್ಣ ಸಣ್ಣ ಕನ್ನಡ ವಾಕ್ಯಗಳು ಬರತೊಡಗಿದ್ದವು. ಕಾಲೇಜು ಮತ್ತೆ ಶುರುವಾಗುವಷ್ಟರಲ್ಲಿ ತಯಾರಾಗಬೇಕು. ಆದರೆ ಮನೆಯ ಇಬ್ಬರ ಮುಂದೆ ಮಾತಾಡುವುದು ಬೇರೆ, ಒಂದು ತರಗತಿಯ ಮುಂದೆ ಮಾತಾಡುವುದು ಬೇರೆ. ಅದನ್ನು ಹೇಳಿದಾಗ ಬಸ್ಸಿನ ಹೆಂಗಸು, “ನಮ್ಮೂರಿಗೆ ಬಾ. ಜನಕ್ಕೇನು ಬರ,” ಎಂದಳು. ತಮ್ಮ ಬೇಡವೆಂದ. ನಾನು ಬಟ್ಟೆ ಜೋಡಿಸಿಕೊಂಡೆ, ಎಡಗೈಯಲ್ಲಿ. ಅವನ ಹೆಂಡತಿ ಬಂದು ಜಿಪ್ಪು ಎಳೆದು ಕೊಟ್ಟು, ಗಂಡನಿಗೆ, “ಹೋಗ್ಲಿ ಬಿಡಿ. ಬಿಟ್ಟು ಬನ್ನಿ,” ಎಂದಳು.

ಶ್ರೀನಿವಾಸಪುರದ ಆಚೆ ಅವಳ ಹಳ್ಳಿ. ಮಾವಿನ ಕಾಯಿ ಲೋಡಾಗುವ ಕಾಲ, ರಸ್ತೆಯ ತುಂಬ ಹುಲ್ಲು ಹಾಸಿದ ಟೆಂಪೊಗಳು. ಅವಳ ಮನೆಯ ಅಂಗಳದಲ್ಲಿ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿಟ್ಟು, ಐದಾರು ಹೆಂಗಸರು ಗೂಡು ಬಿಡಿಸುತ್ತಿದ್ದರು. ಅವಳು ನನ್ನನ್ನು ಒಂದು ಕುರ್ಚಿಯ ಮುಂದೆ ನಿಲ್ಲಿಸಿ, “ನಮ್ಮ ಮೇಡಮ್ಮ ಪಾಠ ಮಾಡ್ತಾರೆ. ಕೈ ಕೆಲಸ ಮಾಡ್ಲಿ, ಕಿವಿ ಇಲ್ಲಿರ್ಲಿ,” ಎಂದು ಅಪ್ಪಣೆ ಮಾಡಿದಳು.

‘ಮನುಷ್ಯ ಅಂದರೆ ಏನು’ ಎಂದು ಶುರು ಮಾಡಿದೆ. ಎಷ್ಟೋ ವರ್ಷ ಹೇಳಿದ ಪಾಠ, ಎಲ್ಲಕ್ಕಿಂತ ಸುಲಭವೆಂದುಕೊಂಡಿದ್ದೆ. ‘ಮನುಷ್ಯ ತನ್ನನ್ನು ತಾನೇ’ ಎಂಬವರೆಗೆ ಬಂದು ನಿಂತೆ. ರೂಪಿಸಿಕೊಳ್ಳುತ್ತಾನೆ ಎಂಬ ಪದ ಸಿಗಲಿಲ್ಲ. ಮತ್ತೆ ಮೊದಲಿನಿಂದ ಬಂದೆ, ಮತ್ತೆ ಅಲ್ಲೇ ನಿಂತೆ. ಒಬ್ಬಳು “ಸಾಕ್ಕೋತಾನೆ?” ಎಂದಳು. ಇನ್ನೊಬ್ಬಳು “ಹಾಳು ಮಾಡ್ಕೋತಾನೆ, ನಮ್ಮನೇವ್ನ ನೋಡಿ,” ಎಂದಳು. ಅಂಗಳವೆಲ್ಲ ನಗು. ಮೂಲೆಯಲ್ಲಿದ್ದ ಅಜ್ಜಿಯೊಬ್ಬಳು ಇವೆಲ್ಲ ಬಿಟ್ಟು, “ನಿನಗೆ ಮದುವೆ ಯಾಕಾಗಿಲ್ಲ?” ಎಂದು ತೆಲುಗಿನಲ್ಲಿ ಕೇಳಿದಳು. ಅದಕ್ಕೆ ನಾನು ಒಂದೂ ತಡೆಯಿಲ್ಲದೆ ಉತ್ತರ ಕೊಟ್ಟೆ. ಪಾಠ ಅಲ್ಲಿಗೆ ಮುಗಿಯಿತು.

ಅಂದು ಸಂಜೆ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕುಳಿತು ಆ ವಾಕ್ಯವನ್ನೇ ಯೋಚಿಸಿದೆ. ಪದ ಆಗ ಸಿಕ್ಕಿತು, ವಾಕ್ಯವೂ ಪೂರ್ತಿಯಾಯಿತು. ಆದರೆ ಅದನ್ನು ಹೇಳಲು ಮನಸ್ಸು ಬರಲಿಲ್ಲ. ‘ತಾನೇ’ ಎಂಬುದು ಸುಳ್ಳಾಗಿತ್ತು. ನಾನು ಕಲಿಸಿದ ಎರಡು ಪಂಥಗಳಲ್ಲೂ, ಎಲ್ಲ ಹುಟ್ಟಿನಲ್ಲೇ ಇದೆ ಎನ್ನುವುದರಲ್ಲೂ, ಎಲ್ಲ ತನ್ನ ಆಯ್ಕೆ ಎನ್ನುವುದರಲ್ಲೂ, ಇರುವವನು ಒಬ್ಬನೇ. ಪಕ್ಕದ ಸೀಟಿನವರಿಗೆ ಎರಡರಲ್ಲೂ ಜಾಗವಿರಲಿಲ್ಲ. ನಾನು ಹೇಳುತ್ತಿದ್ದ ಗೋಡೆ, ಹೊರಗಿನ ಮಳೆ, ಒಳಗಿನವನು ಎಂಬ ವಿಂಗಡಣೆಯೂ ನಿಲ್ಲಲಿಲ್ಲ. ಒಂದು ಹೆಪ್ಪು ನನ್ನ ತೀರ ಒಳಗಿನ ಮಾತನ್ನೇ ಕಿತ್ತುಕೊಂಡಿತ್ತು. ಯಾರಿಗೋ ಹೇಳಿದ ಒಂದು ‘ಹೂಂ’ ಅದನ್ನು ವಾಪಸು ತರುವವಳನ್ನು ಕಳಿಸಿತ್ತು. ಆದರೆ ಅಷ್ಟಕ್ಕೇ ಎಲ್ಲ ಆಕಸ್ಮಿಕ ಎಂದು ಕೈಚೆಲ್ಲಿ ಕೂರಲೂ ನನ್ನಿಂದಾಗಲಿಲ್ಲ. ಆ ಬಸ್ಸಿನಲ್ಲಿ ಇನ್ನೂ ಎಷ್ಟೋ ಜನರಿದ್ದರು. ಎದ್ದು ಅರಚಿದವಳು ಇವಳು.

ಮುಂದಿನ ಬೆಳೆಯ ಹುಳು ಮನೆಗೆ ಬಂದ ಮೇಲೆ ಒಂದು ದಿನ ಇದನ್ನು ಅವಳ ಹತ್ತಿರ ಹೇಳಿದೆ. ಅವಳು ಸೊಪ್ಪಿನ ಹೊರೆ ಕೆಳಗಿಳಿಸಿ ಹಣೆ ಮುಟ್ಟಿಕೊಂಡಳು.

“ಎಲ್ಲಾ ರಾತ ಅಕ್ಕಾ. ಇಲ್ಲಿ ಬರೆದಿರುತ್ತೆ.”

“ಹಾಗಾದ್ರೆ ನೀನು ಅರಚ್ಬೇಕಾಗಿರಲಿಲ್ಲ. ಬರೆದಿದ್ರೆ ಸುಮ್ಮನೆ ಕೂತಿದ್ರೂ ನಾನು ಬದುಕ್ತಿದ್ದೆ.”

“ಅರಚೋದೂ ಬರೆದಿತ್ತು.”

“ಅರಚದೇ ಇದ್ದಿದ್ರೆ?”

“ಅದು ಬರೆದಿರಲಿಲ್ಲ. ಅದಕ್ಕೇ ಅರಚಿದೆ.”

ತರ್ಕದಲ್ಲಿ ಇದು ಹೊರಟಲ್ಲಿಗೇ ಬಂದು ನಿಲ್ಲುವ ಚಕ್ರದೋಷ ಎಂದು ಹೇಳಲು ಬಾಯಿ ತೆಗೆದೆ, ಆ ಪದವೂ ಸಿಗಲಿಲ್ಲ. ಅವಳು ಗೆದ್ದವಳಂತೆ ಹೊರೆ ಎತ್ತಿಕೊಂಡು ಹೋದಳು. ಪದ ಸಿಕ್ಕ ಕೂಡಲೇ ಅವಳ ಹಿಂದೆ ಹುಳುಮನೆಗೇ ಹೋಗಿ ಹೇಳಿದೆ. “ದೋಷ ಗೀಷ ನಂಗೊತ್ತಿಲ್ಲ, ಹುಳ ಮಲಗವೆ, ಮೆಲ್ಲಗೆ ಮಾತಾಡು,” ಎಂದಳು. ಮೆಲ್ಲಗೆ ಮಾತಾಡು ಎಂದು ಒಬ್ಬರು ನನ್ನನ್ನು ಗದರಿಸಿದ್ದು ಕಾಯಿಲೆ ಬಂದ ಮೇಲೆ ಅದೇ ಮೊದಲು. ನನಗೆ ಎಷ್ಟು ಸಂತೋಷವಾಯಿತೆಂದು ಅವಳಿಗೆ ತಿಳಿಯಲಿಲ್ಲ.

ಅಂಗಳದ ಪಾಠ ನಿಲ್ಲಲಿಲ್ಲ. ಗೂಡಿನ ಕೆಲಸ ಮುಗಿದರೂ ನಾಲ್ಕು ಜನರನ್ನು ಅವಳು ಹೇಗೋ ಹಿಡಿದು ತರುತ್ತಿದ್ದಳು. ದಿನ ಹೋದಂತೆ ನಿಲುಗಡೆಗಳು ಕಡಿಮೆಯಾದವು, ಪೂರ್ತಿ ಹೋಗಲಿಲ್ಲ.

ಕಾಲೇಜು ತೆರೆದಾಗ ವೈದ್ಯರ ಸರ್ಟಿಫಿಕೇಟ್ ಹಿಡಿದು ಮುಳಬಾಗಿಲಿಗೆ ಹೋದೆ. ಪ್ರಾಂಶುಪಾಲರು ಎದ್ದು ನಿಂತು ಕುರ್ಚಿ ಕೊಟ್ಟರು. ಆಮೇಲೆ ಮುಜುಗರದಿಂದ, “ಮೇಡಂ, ಲೈಬ್ರರಿ ಕೆಲಸ ನೋಡಿಕೊಳ್ಳಿ. ಪಾಠಕ್ಕೆ ಅತಿಥಿ ಉಪನ್ಯಾಸಕರನ್ನು ಹಾಕೋಣ. ಮಕ್ಕಳು ನಕ್ಕರೆ ನಿಮಗೇ ಕಷ್ಟ,” ಎಂದರು.

“ನಗಲಿ ಸರ್. ಒಂದು ಕ್ಲಾಸು ಕೊಡಿ. ನೀವೂ ಬನ್ನಿ,” ಎಂದೆ. ಈ ವಾಕ್ಯವನ್ನು ಬರುವ ದಾರಿಯುದ್ದಕ್ಕೂ ಕಲಿತಿದ್ದೆ.

ಅವರು ಕೊನೆಯ ಬೆಂಚಿನಲ್ಲಿ ಬಂದು ಕುಳಿತರು. ಹೊಸ ಮಕ್ಕಳು, ನನ್ನನ್ನು ಕಂಡವರಲ್ಲ. ನಾನು ಮೊದಲೇ ಹೇಳಿಬಿಟ್ಟೆ. ನನಗೆ ಕಾಯಿಲೆಯಾಗಿತ್ತು, ನಡುವೆ ಪದ ಸಿಗುವುದಿಲ್ಲ, ಸಿಕ್ಕಿಕೊಂಡರೆ ನೀವು ಎತ್ತಿಕೊಡಬೇಕು, ಎಂದು. ಹಿಂದೆ ನನ್ನ ತರಗತಿಯಲ್ಲಿ ಕೇಳದೆ ಒಬ್ಬರೂ ಬಾಯಿ ತೆರೆಯುವಂತಿರಲಿಲ್ಲ.

ಸ್ವಲ್ಪ ಹೊತ್ತಿಗೇ ಸಿಕ್ಕಿಕೊಂಡೆ. ಆಕಸ್ಮಿಕ ಎಂಬ ಪದ ಬೇಕಿತ್ತು. ಪ್ರಾಂಶುಪಾಲರು ತಲೆ ತಗ್ಗಿಸಿದರು. ಒಬ್ಬ ಹುಡುಗ ಅನುಮಾನಿಸುತ್ತ “ಆಪತ್ತು?” ಎಂದ. ನಾನು ತಲೆಯಾಡಿಸಿದೆ, ಅಲ್ಲ. “ಅದೃಷ್ಟ?” ಅಲ್ಲ. “ಆಕ್ಸಿಡೆಂಟು?” ಹತ್ತಿರ ಬಂತು. ಆಗ ಕಿಟಕಿಯ ಕಡೆಯ ಹುಡುಗಿ “ಆಕಸ್ಮಿಕ” ಎಂದಳು. “ಹೌದು,” ಎಂದೆ. ಆಪತ್ತಿಗೂ ಅದೃಷ್ಟಕ್ಕೂ ಆಕಸ್ಮಿಕಕ್ಕೂ ಏನು ವ್ಯತ್ಯಾಸ ಎಂದು ಕೇಳಿದೆ. ತರಗತಿಯಲ್ಲಿ ಗದ್ದಲವೆದ್ದಿತು. ಅಷ್ಟು ಒಳ್ಳೆಯ ಗದ್ದಲ ನನ್ನ ಹಳೆಯ ತರಗತಿಗಳಲ್ಲಿ ಎಂದೂ ಎದ್ದಿರಲಿಲ್ಲ. ಪ್ರಾಂಶುಪಾಲರು ಯಾವಾಗ ಎದ್ದು ಹೋದರೋ ನೋಡಲಿಲ್ಲ. ಮುಂದಿನ ವಾರದ ವೇಳಾಪಟ್ಟಿಯಲ್ಲಿ ನನ್ನ ವಿಷಯದ ಮುಂದೆ ನನ್ನ ಹೆಸರೇ ಇತ್ತು.

ನಾನು ಕೋಲಾರದ ಮನೆಗೆ ವಾಪಸಾದೆ. ಒಬ್ಬಳೇ ಇದ್ದೇನೆ, ಅದು ನನಗೆ ಹಿಡಿಸುತ್ತದೆ. ತಮ್ಮನ ಹೆಂಡತಿ ದಿನಾ ಸಂಜೆ ಫೋನು ಮಾಡುತ್ತಾಳೆ, ಈಗ ಅವಳು ನನಗಿಂತ ಜಾಸ್ತಿ ಮಾತಾಡುತ್ತಾಳೆ. ಶ್ರೀನಿವಾಸಪುರದವಳು ಬಂದಾಗ ನಾವು ಜಗಳವಾಡುತ್ತೇವೆ. ನನಗೆ ಮಾತು ಬಂದ ಮೇಲೆ ನಾನು ಮೊದಲಿನಷ್ಟು ಚೆನ್ನಾಗಿ ಕೇಳಿಸಿಕೊಳ್ಳುವುದಿಲ್ಲವೆಂದು ಅವಳ ದೂರು. ಅಕ್ಷರ ಕಲಿಸಿಕೊಡುತ್ತೇನೆಂದರೆ, “ಬೇಡಕ್ಕಾ, ಕೇಳಿ ಕೇಳಿ ಹೋದ್ರೇನೇ ನಾಕು ಜನ ಸಿಗೋದು,” ಎನ್ನುತ್ತಾಳೆ. ನಾನು ಒಪ್ಪುವುದಿಲ್ಲ. ಇನ್ನೂ ಬೆನ್ನು ಹತ್ತಿದ್ದೇನೆ.

ಮೊನ್ನೆ ತರಗತಿಯಲ್ಲಿ, ಆಕಸ್ಮಿಕ ಎಂದು ಎತ್ತಿಕೊಟ್ಟ ಹುಡುಗಿಯೇ ಎದ್ದು ನಿಂತಳು. “ಮಿಸ್, ನೀವು ಹೇಳೋ ಪ್ರಕಾರ ಆ ಕಾಯಿಲೆ ಬರದೇ ಇದ್ದಿದ್ರೆ ನಿಮಗೆ ಇವೆಲ್ಲ ಗೊತ್ತಾಗ್ತಿರಲಿಲ್ಲ. ಹಾಗಾದ್ರೆ ಕಾಯಿಲೆ ಬಂದದ್ದು ಒಳ್ಳೇದಾಯ್ತಾ?”

“ಇಲ್ಲ,” ಎಂದೆ. ಈ ಪದ ನನಗೆ ಈಗ ಎಲ್ಲೂ ತಡೆಯುವುದಿಲ್ಲ. “ಕಾಯಿಲೆ ಕೆಟ್ಟದ್ದೇ. ಇವತ್ತಿಗೂ ಬಲಗೈಯಲ್ಲಿ ನನ್ನ ಹೆಸರು ಬರೆಯೋಕೆ ಆಗಲ್ಲ. ಆಕಸ್ಮಿಕಕ್ಕೆ ಕರುಣೆ ಇಲ್ಲ, ಅದಕ್ಕೆ ನಾವು ಕೈ ಮುಗಿಯಬೇಕಾಗಿಲ್ಲ. ಅದು ಯಾರನ್ನೋ ತಂದು ನಮ್ಮ ಪಕ್ಕ ಕೂರಿಸುತ್ತೆ, ಅಷ್ಟೇ. ಅವರ ಕಡೆ ತಿರುಗೋದು, ತಿರುಗದೇ ಇರೋದು ನಮ್ಮ ಕೆಲಸ.”

“ಹಾಗಾದ್ರೆ ಮನುಷ್ಯ ಅಂದ್ರೆ ಏನು ಅಂತ ಬರ್ಕೊಳ್ಳೋದು ಮಿಸ್?” ಎಂದ ಹಿಂದಿನ ಬೆಂಚಿನವನು, ಪೆನ್ನು ಹಿಡಿದು.

ಹೇಳಲು ಹೋದೆ. ಹಳೆಯ ವಾಕ್ಯದಿಂದ ‘ತಾನೇ’ ಎಂಬುದನ್ನು ತೆಗೆದ ಮೇಲೆ ಅಲ್ಲಿಗೆ ಏನು ಹಾಕಬೇಕೋ ಅದು ಇನ್ನೂ ನನಗೆ ಒಂದೇ ಉಸಿರಿನಲ್ಲಿ ಬರುವುದಿಲ್ಲ. ಈಗ ಬರೆದುಕೊಳ್ಳಬೇಡಿ ಎಂದೆ. ಬೋರ್ಡಿನ ಮೇಲೆ ಎಡಗೈಯಲ್ಲಿ ‘ಮನುಷ್ಯ ತನ್ನನ್ನು’ ಎಂದು ಸೊಟ್ಟಗೆ ಬರೆದು, ಮುಂದೆ ಜಾಗ ಬಿಟ್ಟೆ. ಸೋಮವಾರ ಮೊದಲ ಪೀರಿಯಡ್ ನನ್ನದೇ. ಆ ಜಾಗ ತುಂಬಿಸಲೇಬೇಕು.